ಮೆಷಿನ್ ಬದಲಾಯಿಸಿದೆ, ಹಳೇ ಡಿಸೈನ್ ಫೈಲುಗಳು ತೆರೆಯುತ್ತಿಲ್ಲ. ಏನು ಮಾಡಲಿ?

ಪೇಪರ್‌ಗೂಡು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಮನೆಯಲ್ಲೇ ಪೇಪರ್ ಮತ್ತು ವಿನೈಲ್ (ಅಂಟಿರುವ ಪ್ಲಾಸ್ಟಿಕ್ ಹಾಳೆ) ಕಟಿಂಗ್ ಕೆಲಸ ಮಾಡುತ್ತೇನೆ. ಸೀಮಂತ, ನಾಮಕರಣ, ಗೃಹಪ್ರವೇಶಕ್ಕೆ ಹೆಸರಿನ ಬೋರ್ಡು, ಕೇಕ್ ಟಾಪರ್, ಬಾಗಿನದ ಡಬ್ಬಿಗೆ ಅಂಟಿಸುವ ಸ್ಟಿಕ್ಕರ್, ಇಂಥವು. ಕಂಪ್ಯೂಟರಿನಲ್ಲಿ ಮಾಡಿದ ಡಿಸೈನನ್ನು ಬ್ಲೇಡಿನಿಂದ ಕತ್ತರಿಸುವ ಮೆಷಿನ್, 5 ವರ್ಷದಿಂದ ಒಂದೇ ಇತ್ತು. ಹೋದ ತಿಂಗಳು ಅದರ ಮೋಟಾರ್ ನಿಂತುಹೋಯಿತು. ರಿಪೇರಿಗೆ ಕೊಟ್ಟರೆ, ಈ ಮಾಡೆಲ್ಲಿಗೆ ಸ್ಪೇರ್ ಬರೋದು ನಿಂತಿದೆ ಅಂದರು. ಸಾಲ ಮಾಡಿ ಬೇರೆ ಕಂಪನಿಯ ಹೊಸ ಮೆಷಿನ್ ತಗೊಂಡೆ. ಯಾವ ಕಂಪನಿ ಅನ್ನೋದು ಇಲ್ಲಿ ಬೇಡ.

ಕಷ್ಟ ಶುರುವಾಗಿದ್ದು ಆಮೇಲೆ. ಹಳೇ ಸಾಫ್ಟ್‌ವೇರ್‌ನಲ್ಲಿ ಸೇವ್ ಮಾಡಿಟ್ಟ 140 ಡಿಸೈನ್‌ಗಳಲ್ಲಿ ಒಂದೂ ಹೊಸದರಲ್ಲಿ ತೆರೆಯುತ್ತಿಲ್ಲ. ಅವುಗಳಲ್ಲಿ ಅರ್ಧದಷ್ಟು, ಮಕ್ಕಳು ಮಲಗಿದ ಮೇಲೆ ಕೂತು ನಾನೇ ಗೆರೆ ಗೆರೆ ಎಳೆದು ಮಾಡಿದ್ದು. ತೊಟ್ಟಿಲಿನ ಡಿಸೈನ್ ಒಂದಕ್ಕೇ 11 ರಾತ್ರಿ ಹಿಡಿದಿತ್ತು. ಮುಂದಿನ ತಿಂಗಳು ಮೂರು ಮದುವೆ ಆರ್ಡರ್ ಇದೆ. ಹಳೇ ಲ್ಯಾಪ್‌ಟಾಪ್ ಇದೆ, ಅದರಲ್ಲಿ ಹಳೇ ಸಾಫ್ಟ್‌ವೇರ್ ಇನ್ನೂ ತೆರೆಯುತ್ತದೆ. ಫೈಲುಗಳನ್ನು ಹೇಗಾದರೂ ಹೊರಗೆ ತರಬಹುದಾ? ಗೊತ್ತಿರೋರು ದಯವಿಟ್ಟು ಹೇಳಿ.

ತೆರೆದಕೋಡ್, ಮೈಸೂರು

ಮೇಡಂ, ಮೊದಲು ಒಂದು ಮಾತು. ಆ ಹಳೇ ಲ್ಯಾಪ್‌ಟಾಪನ್ನು ಅಪ್‌ಡೇಟ್ ಮಾಡಬೇಡಿ, ಫಾರ್ಮ್ಯಾಟ್ ಮಾಡಬೇಡಿ, ಯಾರಿಗೂ ಕೊಡಬೇಡಿ. ಸಾಫ್ಟ್‌ವೇರ್ ತೆರೆಯುತ್ತಿದೆ ಅಂದರೆ ಡಿಸೈನ್ ಕೈಗೆ ಸಿಗುತ್ತದೆ.

ಒಂದೊಂದು ಕಂಪನಿಗೂ ತನ್ನದೇ ಫೈಲ್ ಇದೆ. ಸಿಲೂಯೆಟ್‌ಗೆ ಸ್ಟುಡಿಯೋ3, ಬ್ರದರ್ ಸ್ಕ್ಯಾನ್‌ಎನ್‌ಕಟ್‌ಗೆ ಎಫ್‌ಸಿಎಂ. ಕ್ರಿಕಟ್‌ನಲ್ಲಂತೂ ಪ್ರಾಜೆಕ್ಟ್ ಇರುವುದೇ ಅವರ ಅಕೌಂಟಿನೊಳಗೆ. ಒಂದರದ್ದು ಇನ್ನೊಂದಕ್ಕೆ ಅರ್ಥವಾಗಲ್ಲ. ಎಲ್ಲಕ್ಕೂ ಹೆಚ್ಚುಕಡಿಮೆ ಅರ್ಥವಾಗುವ ಫೈಲ್ ಅಂದರೆ ಎಸ್‌ವಿಜಿ. ಅದು ಯಾವ ಕಂಪನಿಯ ಸ್ವತ್ತೂ ಅಲ್ಲ. ವೆಬ್ಬಿನ ನಿಯಮಗಳನ್ನು ಬರೆಯುವ ಡಬ್ಲ್ಯು3ಸಿ 2001ರಲ್ಲಿ ಅದನ್ನು ಹೊರತಂದಿತು. ನೋಟ್‌ಪ್ಯಾಡಿನಲ್ಲಿ ತೆರೆದರೆ ಓದಲು ಬರುವಂಥ ಬರೀ ಅಕ್ಷರ, ಅಂಕಿ. ಈ ಬಿಂದುವಿನಿಂದ ಆ ಬಿಂದುವಿಗೆ ಹೀಗೆ ಬಾಗಿ ಹೋಗು ಅಂತ ಬರೆದಿರುತ್ತದೆ, ಅಷ್ಟೇ.

ನಿಮ್ಮ ಹಳೇ ಸಾಫ್ಟ್‌ವೇರಿನಲ್ಲಿ ಎಸ್‌ವಿಜಿ ಅಥವಾ ಡಿಎಕ್ಸ್‌ಎಫ್ (ಅದೂ ಗೆರೆಗಳ ಫೈಲೇ) ಆಗಿ ಎಕ್ಸ್‌ಪೋರ್ಟ್ ಮಾಡುವ ಅವಕಾಶ ಇದೆಯಾ ನೋಡಿ. ಕೆಲವದರಲ್ಲಿ ಅದು ದುಡ್ಡು ಕೊಟ್ಟು ತಗೊಂಡ ಆವೃತ್ತಿಯಲ್ಲಿ ಮಾತ್ರ ಇರುತ್ತದೆ. ಇಲ್ಲದಿದ್ದರೂ ಗಾಬರಿ ಬೇಡ, ಪ್ರಿಂಟ್ ಅಂತೂ ಇದ್ದೇ ಇರುತ್ತದೆ. ಆಕಾರಗಳಿಗೆಲ್ಲ ಕಪ್ಪು ಬಣ್ಣ ತುಂಬಿ, ಪ್ರಿಂಟರ್ ಬದಲು ಪಿಡಿಎಫ್‌ಗೆ ಪ್ರಿಂಟ್ ಕೊಡಿ. ಬಣ್ಣ ತುಂಬಬೇಕು ಅಂದಿದ್ದು ಯಾಕೆ ಅಂದರೆ ಬರೀ ಕತ್ತರಿಸುವ ಗೆರೆ ಎಷ್ಟೋ ಸಲ ಪ್ರಿಂಟ್ ಆಗುವುದಿಲ್ಲ.

ಆ ಪಿಡಿಎಫ್ ಅನ್ನು ಇಂಕ್‌ಸ್ಕೇಪಿನಲ್ಲಿ ತೆರೆಯಿರಿ. ಅದು ಗೆರೆಚಿತ್ರ ಮಾಡುವ ಉಚಿತ ಸಾಫ್ಟ್‌ವೇರ್. ತೆರೆಯುವಾಗ ಅಕ್ಷರಗಳು ಆಕಾರವಾಗಿ ಬರುವ ಆಯ್ಕೆ ಆರಿಸಿ. ತೆರೆದ ಮೇಲೆ ಒಂದು ಅಂಚನ್ನು ತುಂಬಾ ದೊಡ್ಡದು ಮಾಡಿ ನೋಡಿ. ಗೆರೆ ನುಣುಪಾಗಿಯೇ ಇದ್ದರೆ ನಿಮ್ಮ ಡಿಸೈನ್ ಬಂದಂತೆಯೇ. ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಅದು ಫೋಟೋ ಆಗಿ ಬಂದಿದೆ. ಆಗ ಹಳೇ ಸಾಫ್ಟ್‌ವೇರಿನಲ್ಲೇ ಡಿಸೈನನ್ನು ದೊಡ್ಡ ಅಳತೆಗೆ ಹಿಗ್ಗಿಸಿ ಮತ್ತೆ ಪ್ರಿಂಟ್ ಕೊಟ್ಟು, ಇಂಕ್‌ಸ್ಕೇಪಿನಲ್ಲಿ ಟ್ರೇಸ್ ಬಿಟ್‌ಮ್ಯಾಪ್ ಮಾಡಬೇಕು, ಅಂದರೆ ಫೋಟೋದ ಅಂಚು ಹಿಡಿದು ಮತ್ತೆ ಗೆರೆ ಎಳೆಸಬೇಕು.

ರೇಡಿಯಂ ಕಟಿಂಗ್, ಹುಬ್ಬಳ್ಳಿ

ನೋಡ್ರಿ ಅಕ್ಕಾರ, ನಾನು 2008ರಿಂದ ಬೈಕ್ ನಂಬರ್, ಅಂಗಡಿ ಬೋರ್ಡ್ ಕಟಿಂಗ್ ಮಾಡುತ್ತಾ ಬಂದವನು. ನನ್ನ ಹತ್ತಿರ ಈ ಅಕೌಂಟ್, ಲಾಗಿನ್ ಯಾವುದೂ ಇಲ್ಲ. ಕೋರಲ್‌ಡ್ರಾ ಸಾಫ್ಟ್‌ವೇರಿನಲ್ಲಿ ಡಿಸೈನ್ ಮಾಡೋದು, ಪಿಎಲ್‌ಟಿ ಫೈಲ್ ತೆಗೆಯೋದು, ಮೆಷಿನ್ನಿಗೆ ಕಳಿಸೋದು. ಮೂರು ಮೆಷಿನ್ ಬದಲಾಯಿಸಿದೆ. ಅವೇ ಪಿಎಲ್‌ಟಿ ಫೈಲು ಮೂರರಲ್ಲೂ ಓಡಿದವು.

ಅದರೊಳಗೆ ಇರೋದು ಎಚ್‌ಪಿಜಿಎಲ್. ಎಚ್‌ಪಿ ಕಂಪನಿ 1970ರ ದಶಕದಲ್ಲಿ ತನ್ನ ಪೆನ್ ಪ್ಲಾಟರ್‌ಗಳಿಗೆ, ಅಂದರೆ ಪೆನ್ ಹಿಡಿದು ಗೆರೆ ಎಳೆಯುವ ಮೆಷಿನ್‌ಗಳಿಗೆ, ಮಾಡಿದ ಭಾಷೆ. ಪಿಯು ಅಂದರೆ ಪೆನ್ ಎತ್ತು, ಪಿಡಿ ಅಂದರೆ ಪೆನ್ ಇಳಿಸು, ಮುಂದೆ ಎಲ್ಲಿಗೆ ಹೋಗಬೇಕು ಅಂತ ಎರಡು ಅಂಕಿ. ಒಂದು ಮಿಲಿಮೀಟರಿಗೆ 40 ಹೆಜ್ಜೆ. 4000 ಅಂತ ಇದ್ದರೆ 100 ಮಿಲಿಮೀಟರ್. ಪೆನ್ನಿನ ಜಾಗದಲ್ಲಿ ಈಗ ಬ್ಲೇಡ್ ಇದೆ, ಭಾಷೆ ಅದೇ. ಚೀನಾದಿಂದ ಬರುವ ಸಾದಾ ವಿನೈಲ್ ಕಟರ್‌ಗಳಿಗೂ ಇದೇ ಸಾಕು. ನಾನಂತೂ ಎಲ್ಲರಿಗೂ ಪಿಎಲ್‌ಟಿ ಮಾಡಿ ಇಟ್ಟುಕೊಳ್ಳಿ ಅಂತಲೇ ಹೇಳುತ್ತೇನೆ.

ತೆರೆದಕೋಡ್, ಮೈಸೂರು

ಅಣ್ಣ, ಮೆಷಿನ್ನಿಗೆ ಕಳಿಸೋಕೆ ಪಿಎಲ್‌ಟಿ ಒಳ್ಳೆಯದೇ. ಆದರೆ ಇಟ್ಟುಕೊಳ್ಳೋಕೆ ಅಲ್ಲ. ಪಿಎಲ್‌ಟಿ ಮಾಡಿದ ತಕ್ಷಣ ಬಾಗಿದ ಗೆರೆಗಳೆಲ್ಲ ಸಣ್ಣ ಸಣ್ಣ ನೆಟ್ಟಗಿನ ಗೆರೆಗಳಾಗಿ ತುಂಡಾಗುತ್ತವೆ. 2 ಇಂಚಿನಲ್ಲಿ ಕಾಣಲ್ಲ. ಅದನ್ನೇ 2 ಅಡಿಗೆ ಹಿಗ್ಗಿಸಿ ನೋಡಿ. ಕನ್ನಡದ ಅಕ್ಷರ ಪೂರ್ತಿ ದುಂಡು, ಅಲ್ವಾ? ನಮಗೇ ಜಾಸ್ತಿ ಪೆಟ್ಟು.

ರೇಡಿಯಂ ಕಟಿಂಗ್, ಹುಬ್ಬಳ್ಳಿ

ಈಗ ಒಂದು ಹಳೇ ಫೈಲ್ ತೆರೆದು ನೋಡಿ ಬಂದೆ. 2011ರಲ್ಲಿ ಒಂದು ಗ್ಯಾರೇಜಿಗೆ ಮಾಡಿದ ಬೋರ್ಡು. 4 ಇಂಚಿನ ಅಕ್ಷರವನ್ನು 20 ಇಂಚಿಗೆ ಹಿಗ್ಗಿಸಿದೆ. "ಗ್ಯಾ" ಅಕ್ಷರದ ಹೊಟ್ಟೆ ಎಲ್ಲ ಮೂಲೆ ಮೂಲೆ ಆಗಿದೆ. ನೀವು ಹೇಳಿದ್ದು ಸರಿ. ಸಿಡಿಆರ್, ಅಂದರೆ ಕೋರಲ್ಲಿನ ಮೂಲ ಫೈಲ್, ಇಟ್ಟಿಲ್ಲವಾ ಅಂತ ಕೇಳಬಹುದು. ಇಟ್ಟಿದ್ದೇನೆ, ಆದರೆ ಹೊಸ ಕೋರಲ್ಲಿನಲ್ಲಿ ಸೇವ್ ಮಾಡಿದ್ದನ್ನು ಪಕ್ಕದ ಅಂಗಡಿಯವರ ಹಳೇ ಕೋರಲ್ ತೆರೆಯೋದಿಲ್ಲ. ಇನ್ನು ಮೇಲೆ ಎಸ್‌ವಿಜಿಯನ್ನೂ ತೆಗೆದಿಡುತ್ತೇನೆ.

ಪೇಪರ್‌ಗೂಡು, ದಾವಣಗೆರೆ

ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ನನ್ನ ಆವೃತ್ತಿಯಲ್ಲಿ ಎಕ್ಸ್‌ಪೋರ್ಟ್ ಇಲ್ಲ. ಪಿಡಿಎಫ್ ದಾರಿ ಹಿಡಿದೆ. ತೊಟ್ಟಿಲು ಬಂತು! ಅಂಚು ನುಣುಪಾಗಿದೆ. ಅದನ್ನು ನೋಡಿ ಕಣ್ಣಲ್ಲಿ ನೀರು ಬಂತು, ನಿಜವಾಗಲೂ.

ಆದರೆ ಅಕ್ಷರ ಇರೋ ಡಿಸೈನ್‌ಗಳು ಕಾಟ ಕೊಡುತ್ತಿವೆ. "ಸುಸ್ವಾಗತ" ಬೋರ್ಡು ಸ್ಕ್ರೀನಿನ ಮೇಲೆ ಚೆನ್ನಾಗಿ ಕಾಣುತ್ತದೆ. ಕಟ್ ಮಾಡಿದರೆ ಅಕ್ಷರಗಳ ನಡುವೆ ಅಡ್ಡಡ್ಡ ಗೆರೆ. ವೇಸ್ಟ್ ಕೀಳುವಾಗ ಉಗುರಿನ ತುದಿಯಷ್ಟು ಚೂರುಗಳು ಎದ್ದು ಬರುತ್ತವೆ. ಹಳೇದನ್ನೆಲ್ಲ ನುಡಿ ಫಾಂಟಿನಲ್ಲಿ ಬರೆದಿದ್ದೆ. ಹೊಸದಾಗಿ ಯೂನಿಕೋಡಿನಲ್ಲಿ ಬರೆಯೋಣ ಅಂದರೆ ಹೊಸ ಮೆಷಿನ್ ಸಾಫ್ಟ್‌ವೇರಿನಲ್ಲಿ ಒತ್ತಕ್ಷರ ಕೂರುವುದೇ ಇಲ್ಲ. "ಸ್" ಒಂದು ಕಡೆ, "ವಾ" ಒಂದು ಕಡೆ.

ಕೂಟದ ಅಮ್ಮ, ಡಲ್ಲಾಸ್

ಪೇಪರ್‌ಗೂಡು ಅವರೇ, ಇದು ನನಗೆ ತುಂಬಾ ಚೆನ್ನಾಗಿ ಗೊತ್ತಿರೋ ನೋವು. ಇಲ್ಲಿ ನಮ್ಮ ಕನ್ನಡ ಕೂಟದ ಯುಗಾದಿ, ರಾಜ್ಯೋತ್ಸವಕ್ಕೆಲ್ಲ ವೇದಿಕೆ ಅಕ್ಷರ ಕತ್ತರಿಸೋದು ನಾನೇ. ಸ್ವಂತ ಮೆಷಿನ್ ಇಲ್ಲ. ನಮ್ಮೂರ ಪಬ್ಲಿಕ್ ಲೈಬ್ರರಿಯಲ್ಲಿ ಒಂದು ಇದೆ, ಸಮಯ ಬುಕ್ ಮಾಡಿ ಪೆನ್‌ಡ್ರೈವ್ ತಗೊಂಡು ಹೋಗಬೇಕು. ಅಲ್ಲಿನ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಎಲ್ಲಿಂದ ಬರಬೇಕು? ಹಾಗಾಗಿ ಕಲಿಯಲೇಬೇಕಾಯಿತು.

ಕನ್ನಡವನ್ನು ಮೆಷಿನ್ನಿನ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಲೇಬೇಡಿ. ಇಂಕ್‌ಸ್ಕೇಪಿನಲ್ಲಿ ಟೈಪ್ ಮಾಡಿ, ಅದು ಒತ್ತು, ಗುಣಿತ ಎಲ್ಲವನ್ನೂ ಸರಿಯಾಗಿ ಕೂರಿಸುತ್ತದೆ. ಆಮೇಲೆ ಕಂಟ್ರೋಲ್, ಶಿಫ್ಟ್, ಸಿ ಒತ್ತಿ. ಅಕ್ಷರ ಹೋಗಿ ಆಕಾರ ಆಗುತ್ತದೆ. ಇನ್ನು ಆ ಫೈಲ್ ತೆರೆಯೋಕೆ ಯಾವ ಫಾಂಟೂ ಬೇಕಿಲ್ಲ. ಈ ಹೆಜ್ಜೆ ಬಿಟ್ಟರೆ ಕ್ರಿಕಟ್ ಕಂಪನಿಯ ಸಾಫ್ಟ್‌ವೇರ್ ಡಿಸೈನ್ ಸ್ಪೇಸ್‌ನಂಥವು ಎಸ್‌ವಿಜಿಯೊಳಗಿನ ಅಕ್ಷರಗಳನ್ನು ತಗೊಳ್ಳೋದೇ ಇಲ್ಲ.

ಈಗ ನಿಮ್ಮ ಅಡ್ಡ ಗೆರೆ. ನಮ್ಮ ಅಕ್ಷರ ಒಂದೇ ತುಂಡಲ್ಲ, ಅದಕ್ಕೇ ಹಾಗಾಗೋದು. "ಸ್ವಾ" ತಗೊಳ್ಳಿ. ಸಕಾರದ ಮೈ ಒಂದು, ಅದಕ್ಕೆ ಅಂಟಿದ ದೀರ್ಘದ ಗುರುತು ಒಂದು, ಕೆಳಗೆ ವಕಾರದ ಒತ್ತು ಒಂದು. ಫಾಂಟ್ ಇವನ್ನು ಒಂದರ ಮೇಲೊಂದು ಸ್ವಲ್ಪ ಹತ್ತಿಸಿ ಇಡುತ್ತದೆ. ಕಣ್ಣಿಗೆ ಒಂದೇ. ಬ್ಲೇಡಿಗೆ ಮೂರು ಬೇರೆ ಬೇರೆ ಆಕಾರ. ಹತ್ತಿಕೊಂಡ ಜಾಗದಲ್ಲಿ ಎರಡರ ಅಂಚನ್ನೂ ಕತ್ತರಿಸುತ್ತದೆ. ನಿಮಗೆ ಎದ್ದು ಬಂದ ಉಗುರಿನಂಥ ಚೂರು ಅದೇ. ನುಡಿಯಂಥ ಹಳೇ ಫಾಂಟುಗಳಲ್ಲಿ ಅಕ್ಷರವನ್ನು ಇನ್ನೂ ಸಣ್ಣ ತುಂಡುಗಳಿಂದ ಕಟ್ಟುತ್ತಾರೆ, ಹಾಗಾಗಿ ಅಲ್ಲಿ ಇದು ಜಾಸ್ತಿ.

ಎಲ್ಲವನ್ನೂ ಆರಿಸಿ, ಗ್ರೂಪ್ ಬಿಡಿಸಿ, ಪಾತ್ ಮೆನುವಿನಲ್ಲಿ ಯೂನಿಯನ್ ಕೊಡಿ. ಕಂಟ್ರೋಲ್ ಮತ್ತು ಪ್ಲಸ್. ಒಳಗಿನ ಗೆರೆಗಳೆಲ್ಲ ಮಾಯವಾಗುತ್ತವೆ. ಪಿಡಿಎಫ್‌ನಿಂದ ಬಂದ ಅಕ್ಷರ ಕ್ಲೋನ್ (ಮೂಲಕ್ಕೆ ಕೊಂಡಿ ಇರುವ ನಕಲು) ಆಗಿದ್ದರೆ ಮೊದಲು ಅದನ್ನು ಅನ್‌ಲಿಂಕ್ ಮಾಡಿ. ಯೂನಿಯನ್ನಿನಿಂದ ಇನ್ನೊಂದು ಲಾಭ ಇದೆ. ಪೂರ್ತಿ ಪದ ಒಂದೇ ಆಕಾರ ಆಗುತ್ತದೆ. ಇಲ್ಲದಿದ್ದರೆ ಡಿಸೈನ್ ಸ್ಪೇಸ್ ಕಾಗದ ಉಳಿಸಲು ತುಂಡುಗಳನ್ನು ಮ್ಯಾಟಿನ (ಹಾಳೆ ಅಂಟಿಸಿಡುವ ಹಲಗೆ) ಮೇಲೆ ಬೇಕಾದ ಕಡೆ ಜೋಡಿಸಿಬಿಡುತ್ತದೆ. ಒಂದು ಸಲ "ಕನ್ನಡ ರಾಜ್ಯೋತ್ಸವ"ದ ಒತ್ತುಗಳೆಲ್ಲ ಶೀಟಿನ ಮೂಲೆಯಲ್ಲಿ ಸಾಲಾಗಿ ಕತ್ತರಿಸಿಕೊಂಡು ಬಂದವು. ಯಾವ ಒತ್ತು ಯಾವ ಅಕ್ಷರದ್ದು ಅಂತ ಜೋಡಿಸೋಕೆ ಇಬ್ಬರು ಮಕ್ಕಳನ್ನು ಕೂರಿಸಿಕೊಂಡಿದ್ದೆ.

ರೇಡಿಯಂ ಕಟಿಂಗ್, ಹುಬ್ಬಳ್ಳಿ

ಕೋರಲ್ಲಿನಲ್ಲಿ ಮಾಡೋರು ಕಂಟ್ರೋಲ್ ಕ್ಯೂ ಕೊಟ್ಟು ಆಮೇಲೆ ವೆಲ್ಡ್ ಕೊಡಬೇಕು. ಅದೇ ಕೆಲಸ. ವಿನೈಲ್ ಆದರೆ ಒತ್ತಕ್ಷರ ಬಿಡಿಯಾಗಿದ್ದರೂ ನಡೆಯುತ್ತದೆ, ಮಾಸ್ಕಿಂಗ್ ಟೇಪ್ ಹಾಕಿ ಎಲ್ಲವನ್ನೂ ಒಟ್ಟಿಗೆ ಎತ್ತಬಹುದು. ಪೇಪರ್ ಬೋರ್ಡು, ಕೇಕ್ ಟಾಪರ್ ಆದರೆ ನಡೆಯೋದಿಲ್ಲ. ಒತ್ತಕ್ಷರವನ್ನು ಸ್ವಲ್ಪ ಮೇಲಕ್ಕೆ ಎಳೆದು ಮೈಗೆ ತಾಗಿಸಿ, ಆಮೇಲೆ ವೆಲ್ಡ್ ಮಾಡ್ರಿ. ಇಲ್ಲಾಂದರೆ ಉದುರಿ ಹೋಗುತ್ತದೆ.

ಪೇಪರ್‌ಗೂಡು, ದಾವಣಗೆರೆ

ಈ ಒಂದು ಯೂನಿಯನ್ ಗೊತ್ತಿಲ್ಲದೆ 5 ವರ್ಷ ಆ ಚೂರುಗಳನ್ನು ಚಿಮಟದಲ್ಲಿ ಹಿಡಿದು ಮತ್ತೆ ಅಂಟಿಸುತ್ತಿದ್ದೆ. ಎಲ್ಲರಿಗೂ ಹೀಗೇ ಆಗುತ್ತದೆ ಅಂದುಕೊಂಡಿದ್ದೆ.

ಯಾವ ಫಾಂಟ್ ತಗೊಳ್ಳಲಿ? ದುಡ್ಡಿಗೆ ಮಾರೋ ಕೆಲಸ, ಆಮೇಲೆ ಯಾರೂ ಬಂದು ಕೇಳಬಾರದು.

ತೆರೆದಕೋಡ್, ಮೈಸೂರು

ಬಾಲೂ ತಮ್ಮ, ಅನೇಕ್ ಕನ್ನಡ, ನೋಟೋ ಸ್ಯಾನ್ಸ್ ಕನ್ನಡ, ಬೆಣ್ಣೆ, ಅಕಾಯ ಕನ್ನಡಕ. ಇವೆಲ್ಲ ಓಪನ್ ಫಾಂಟ್ ಲೈಸೆನ್ಸಿನಲ್ಲಿ ಇವೆ, ಉಚಿತ. ಇವುಗಳಿಂದ ಮಾಡಿದ ವಸ್ತು ಮಾರಬಹುದು. ಕಟಿಂಗಿಗೆ ನನ್ನ ಆಯ್ಕೆ ಬಾಲೂ ತಮ್ಮ. ಮೈ ದಪ್ಪ, ತುದಿ ದುಂಡು, ಕಾರ್ಡ್‌ಸ್ಟಾಕಿನಲ್ಲಿ (ದಪ್ಪ ಕಾಗದ) ಹರಿಯುವುದು ಕಡಿಮೆ. ತೆಳುವಾದ ಫಾಂಟ್ ನೋಡಲು ಚೆಂದ, ಆದರೆ ಸಣ್ಣ ಅಳತೆಯಲ್ಲಿ ಒತ್ತಿನ ಬಾಲ ಬ್ಲೇಡಿಗೆ ಸಿಕ್ಕಿ ಎದ್ದುಬಿಡುತ್ತದೆ.

ಒಂದು ಮಾತು ಮರೀಬೇಡಿ. ಆಕಾರ ಮಾಡಿದ ಮೇಲೆ ಹೆಸರು ತಿದ್ದೋಕೆ ಆಗಲ್ಲ. ಅದಕ್ಕೇ ಎರಡು ಫೈಲ್ ಇಡಿ. ಟೈಪ್ ಮಾಡಿದ್ದು ಹಾಗೇ ಇರುವ ಒಂದು, ಕತ್ತರಿಸೋಕೆ ಸಿದ್ಧವಾದ ಇನ್ನೊಂದು. ನಾಳೆ "ಚಿ. ಸೌ." ಬದಲು "ಚಿ. ರಾ." ಬೇಕು ಅಂದರೆ ಮೊದಲನೆಯದನ್ನು ತೆರೆದರೆ ಆಯಿತು.

ಪೇಪರ್‌ಗೂಡು, ದಾವಣಗೆರೆ

ಇವತ್ತು ಇನ್ನೊಂದು ವಿಚಿತ್ರ ಆಯಿತು. ಗೆಳತಿ ಒಬ್ಬಳು ಇಲಸ್ಟ್ರೇಟರ್ ಅನ್ನೋ ಸಾಫ್ಟ್‌ವೇರಿನಲ್ಲಿ ಮಾಡಿದ ಮಂಟಪದ ಕಮಾನು ಕಳಿಸಿದಳು, ಎಸ್‌ವಿಜಿಯಲ್ಲಿ. ಅವಳ ಹತ್ತಿರ 12 ಇಂಚು ಅಗಲ. ನನ್ನ ಮೆಷಿನ್ನಿನಲ್ಲಿ ತೆರೆದರೆ 9 ಇಂಚು! ಇಬ್ಬರೂ ಫೋನಿನಲ್ಲಿ ಅರ್ಧ ಗಂಟೆ ವಾದ ಮಾಡಿದೆವು.

ತೆರೆದಕೋಡ್, ಮೈಸೂರು

ಇಬ್ಬರದ್ದೂ ಸರಿ. ಆ ಎಸ್‌ವಿಜಿಯೊಳಗೆ ಅಳತೆ ಇಂಚಿನಲ್ಲಿ ಇಲ್ಲ, ಬರೀ ಅಂಕಿ ಇದೆ. ಇಲಸ್ಟ್ರೇಟರಿನ ಲೆಕ್ಕದಲ್ಲಿ ಇಂಚಿಗೆ 72. 12 ಇಂಚಿಗೆ 864. ನಿಮ್ಮ ಸಾಫ್ಟ್‌ವೇರ್ ಇಂಚಿಗೆ 96 ಅಂತ ಓದುತ್ತದೆ. 864 ಅನ್ನು 96ರಿಂದ ಭಾಗಿಸಿದರೆ 9. ಹಾಗಾಗಿ ಅವರಿಂದ ಬಂದದ್ದನ್ನು 133.33 ಶೇಕಡಾಕ್ಕೆ ಹಿಗ್ಗಿಸಿದರೆ ಸರಿಹೋಗುತ್ತದೆ.

ಹಳೇ ಇಂಕ್‌ಸ್ಕೇಪ್ ಫೈಲುಗಳಲ್ಲೂ ಇದೇ ಥರ ಇದೆ. 2017ರಲ್ಲಿ ಬಂದ 0.92 ಆವೃತ್ತಿಗೆ ಮೊದಲು ಅದು ಇಂಚಿಗೆ 90 ಅಂತ ಲೆಕ್ಕ ಹಾಕುತ್ತಿತ್ತು. ಆಗಿನ 12 ಇಂಚು ಈಗ ಹನ್ನೊಂದೂ ಕಾಲು ಇಂಚಾಗಿ ಕಾಣಬಹುದು.

ಪ್ರತಿ ಫೈಲಿನ ಮೂಲೆಯಲ್ಲಿ 25 ಮಿಲಿಮೀಟರಿನ ಒಂದು ಚೌಕ ಇಡಿ. ಯಾವ ಸಾಫ್ಟ್‌ವೇರಿನಲ್ಲಿ ತೆರೆದರೂ ಮೊದಲು ಚೌಕದ ಅಳತೆ ನೋಡಿ. ಸರಿ ಇದ್ದರೆ ಚೌಕ ಅಳಿಸಿ ಕತ್ತರಿಸಿ.

ಕೂಟದ ಅಮ್ಮ, ಡಲ್ಲಾಸ್

ಚೌಕದ ಉಪಾಯ ನಾನೂ ಇವತ್ತಿನಿಂದಲೇ ಮಾಡುತ್ತೇನೆ.

ಫೈಲ್ ಕೈಯಲ್ಲಿ ಇರಬೇಕು ಅಂತ ನಾನು ಇಷ್ಟು ಹೇಳೋದಕ್ಕೆ ಕಾರಣ ಇದೆ. 2021ರ ಮಾರ್ಚಿನಲ್ಲಿ ಕ್ರಿಕಟ್ ಒಂದು ಬದಲಾವಣೆ ಪ್ರಕಟಿಸಿತ್ತು. ತಿಂಗಳ ಚಂದಾ ಕೊಡದವರು ತಮ್ಮ ಸ್ವಂತ ಡಿಸೈನ್‌ಗಳನ್ನು ತಿಂಗಳಿಗೆ 20 ಮಾತ್ರ ಅಪ್‌ಲೋಡ್ ಮಾಡಬಹುದು ಅಂತ. ದುಡ್ಡು ಕೊಟ್ಟು ಮೆಷಿನ್ ತಗೊಂಡ ಜನ ಸುಮ್ನೆ ಕೂರಲಿಲ್ಲ. ದೊಡ್ಡ ಗದ್ದಲವಾಯಿತು. ಕೆಲವೇ ದಿನಗಳಲ್ಲಿ ಕಂಪನಿ ಅದನ್ನು ಹಿಂದಕ್ಕೆ ತಗೊಂಡಿತು. ಸಂತೋಷ. ಆದರೆ ಡಿಸೈನ್ ಮೆಷಿನ್ನಿಗೆ ಹೋಗೋ ಬಾಗಿಲು ಅವರ ಸಾಫ್ಟ್‌ವೇರ್ ಒಂದೇ ಅನ್ನೋದು ಆವತ್ತು ಎಲ್ಲರಿಗೂ ಕಂಡಿತು.

ಅದಕ್ಕೂ ಮೊದಲಿನ ಕಥೆ ಇನ್ನೂ ಬೇಜಾರು. ಮೊದಮೊದಲ ಕ್ರಿಕಟ್ ಮೆಷಿನ್‌ಗಳಿಗೆ ಡಿಸೈನ್ ಬರುತ್ತಿದ್ದದ್ದು ಮೆಷಿನ್ನಿಗೆ ಸಿಕ್ಕಿಸುವ ಕಾರ್ಟ್ರಿಡ್ಜ್‌ಗಳಲ್ಲಿ. ಶೂರ್ ಕಟ್ಸ್ ಎ ಲಾಟ್, ಮೇಕ್ ದ ಕಟ್ ಅನ್ನೋ ಬೇರೆಯವರ ಸಾಫ್ಟ್‌ವೇರ್‌ಗಳು ಅದೇ ಮೆಷಿನ್ನಿನಲ್ಲಿ ನಮ್ಮ ಸ್ವಂತ ಡಿಸೈನ್ ಕತ್ತರಿಸಲು ಬಿಡುತ್ತಿದ್ದವು. ಆಗ ಕ್ರಿಕಟ್ ಮಾಡುತ್ತಿದ್ದ ಪ್ರೊವೊ ಕ್ರಾಫ್ಟ್ ಕಂಪನಿ ಈ ಸಾಫ್ಟ್‌ವೇರ್ ಮಾಡಿದವರ ಮೇಲೆ ಕೋರ್ಟಿಗೆ ಹೋಯಿತು. ಕೊನೆಗೆ ಎರಡೂ ಕ್ರಿಕಟ್ ಬೆಂಬಲ ಬಿಟ್ಟವು. 2018ರ ಜುಲೈನಲ್ಲಿ ಆ ಹಳೇ ಮೆಷಿನ್‌ಗಳ ಸಾಫ್ಟ್‌ವೇರ್ ಕ್ರಾಫ್ಟ್ ರೂಮ್ ಕೂಡ ಮುಚ್ಚಿತು. ಹೊಸ ಡಿಸೈನ್ ಸ್ಪೇಸ್ ಆ ಮೆಷಿನ್‌ಗಳಿಗೆ ಹೊಂದಲ್ಲ. ಕಾರ್ಟ್ರಿಡ್ಜ್ ಇದ್ದರೆ ಮಾತ್ರ ಅವು ಓಡುತ್ತವೆ. ನನ್ನ ಪಕ್ಕದ ಮನೆಯವರ ಗ್ಯಾರೇಜಿನಲ್ಲಿ ಅಂಥದ್ದೊಂದು ಇದೆ. ಬ್ಲೇಡ್ ಇನ್ನೂ ಹರಿತ, ಮೋಟಾರ್ ಸರಿ ಇದೆ. ಹಳೇ ಕಾರ್ಟ್ರಿಡ್ಜಿನ ಹೂವು, ಚಿಟ್ಟೆ ಬಿಟ್ಟರೆ ಬೇರೇನೂ ಕತ್ತರಿಸೋಕೆ ಬರಲ್ಲ.

ಪೇಪರ್‌ಗೂಡು ಅವರೇ, ಒಂದು ವಿಷಯ ಮಾತ್ರ ನೋಡಿಕೊಳ್ಳಿ. 140ರಲ್ಲಿ ಕಂಪನಿಯ ಲೈಬ್ರರಿಯಿಂದ ತಗೊಂಡ ಚಿತ್ರಗಳು ಇದ್ದರೆ ಅವುಗಳ ಷರತ್ತು ಬೇರೆ. ಬಹಳಷ್ಟು ಅದೇ ಸಾಫ್ಟ್‌ವೇರಿನಲ್ಲಿ ಬಳಸೋಕೆ ಮಾತ್ರ. ನಿಮ್ಮ ಕೈಯಾರೆ ಮಾಡಿದ್ದನ್ನು ಮೊದಲು ಸಾಗಿಸಿ.

ಪೇಪರ್‌ಗೂಡು, ದಾವಣಗೆರೆ

ಹೌದಕ್ಕ, ಅಂಥವು 60ರಷ್ಟು ಇವೆ. ಅವನ್ನು ಬಿಟ್ಟೆ. ನನ್ನದು ಅನ್ನೋದು 80. ಇವತ್ತಿಗೆ 52 ಮುಗಿದವು.

ಮೇಷ್ಟ್ರು, ಸಾಗರ

ನಮಸ್ಕಾರ. ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಸರ ಬೇಡ. ನಮ್ಮದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಗೋಡೆಯ ಮೇಲೆ ಕನ್ನಡ ವರ್ಣಮಾಲೆ ಬರೆಸಬೇಕು. ಪೇಂಟರ್ ಕರೆಸೋಕೆ ದುಡ್ಡಿಲ್ಲ. ಸ್ಟೆನ್ಸಿಲ್ ಇದ್ದರೆ ನಾನೂ ಮಕ್ಕಳೂ ಸೇರಿ ಬಣ್ಣ ಹಚ್ಚಬಹುದು. ನನ್ನ ಹತ್ತಿರ ಮೆಷಿನ್ ಇಲ್ಲ. ಫೈಲ್ ಯಾವುದರಲ್ಲಿ ಮಾಡಿಕೊಂಡು ಪೇಟೆಗೆ ಹೋಗಬೇಕು?

ರೇಡಿಯಂ ಕಟಿಂಗ್, ಹುಬ್ಬಳ್ಳಿ

ಮೇಷ್ಟ್ರೇ, ಯಾವುದೇ ರೇಡಿಯಂ ಅಂಗಡಿಗೆ ಎಸ್‌ವಿಜಿ ಅಥವಾ ಪಿಡಿಎಫ್ ತಗೊಂಡು ಹೋಗ್ರಿ. ಅಕ್ಷರ ಆಕಾರ ಆಗಿರಲಿ. ವರ್ಡ್ ಫೈಲ್ ಬೇಡ, ವಾಟ್ಸಾಪಿನ ಫೋಟೋನೂ ಬೇಡ. ಫೋಟೋ ಕೊಟ್ಟರೆ ನಾವು ಮತ್ತೆ ಟ್ರೇಸ್ ಮಾಡಬೇಕು, ಅಕ್ಷರದ ಅಂದ ಕೆಡುತ್ತದೆ, ನಿಮಗೆ ಖರ್ಚೂ ಜಾಸ್ತಿ.

ಆದರೆ ಸ್ಟೆನ್ಸಿಲ್ ಅಂದರೆ ಒಂದು ತೊಡಕಿದೆ. "ಠ" ನೋಡ್ರಿ. ದುಂಡನ್ನು ಕತ್ತರಿಸಿದ ಮೇಲೆ ಒಳಗಿನ ಬಿಲ್ಲೆಗೆ ಹಿಡಿದುಕೊಳ್ಳೋಕೆ ಏನೂ ಇಲ್ಲ. ಉದುರುತ್ತದೆ. ಜೊತೆಗೆ ನಡುವಿನ ಚುಕ್ಕಿನೂ ಹೋಯಿತು. ಗೋಡೆ ಮೇಲೆ ಬರೀ ಬಣ್ಣದ ಉಂಡೆ ಬೀಳುತ್ತದೆ. "ರ", "ಂ" ಇವಕ್ಕೂ ಅದೇ ಕಥೆ. ಒಳಗಿನ ತುಂಡಿನಿಂದ ಹೊರಗಿನ ಹಾಳೆಗೆ ಎರಡು ಕಡೆ ಸಣ್ಣ ಪಟ್ಟಿ ಬಿಡಬೇಕು. ನಾವು ಬ್ರಿಡ್ಜ್ ಅಂತೀವಿ. 8 ಇಂಚಿನ ಅಕ್ಷರಕ್ಕೆ 5 ಮಿಲಿಮೀಟರ್ ಪಟ್ಟಿ ಸಾಕು. ಓಎಚ್‌ಪಿ ಶೀಟಿನ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಮೇಲೆ ಕತ್ತರಿಸಿದರೆ ಒರೆಸಿ ಒರೆಸಿ ಮತ್ತೆ ಬಳಸಬಹುದು.

ಕೂಟದ ಅಮ್ಮ, ಡಲ್ಲಾಸ್

ಬ್ರಿಡ್ಜ್ ಹಾಕೋದು ಸುಲಭ ಮೇಷ್ಟ್ರೇ. ಇಂಕ್‌ಸ್ಕೇಪಿನಲ್ಲಿ ಅಕ್ಷರದ ಮೇಲೆ ತೆಳುವಾದ ಆಯತ ಒಂದನ್ನು ಅಡ್ಡ ಇಟ್ಟು, ಎರಡನ್ನೂ ಆರಿಸಿ ಡಿಫರೆನ್ಸ್ ಕೊಡಿ. ಆಯತ ಇದ್ದಲ್ಲಿ ಅಕ್ಷರ ತುಂಡಾಗುತ್ತದೆ, ಅದೇ ಬ್ರಿಡ್ಜ್. ಬಣ್ಣ ಒಣಗಿದ ಮೇಲೆ ಆ ಸಂದುಗಳನ್ನು ಕುಂಚದಿಂದ ಮುಚ್ಚಿಸಿ. ಮಕ್ಕಳಿಗೆ ಅದೇ ಖುಷಿಯ ಕೆಲಸ.

ಪೇಪರ್‌ಗೂಡು, ದಾವಣಗೆರೆ

ಮೇಷ್ಟ್ರೇ, ನೀವು ಮಾಡಬೇಡಿ, ನಾನು ಮಾಡಿಕೊಡುತ್ತೇನೆ. ಈ ಹತ್ತು ದಿನದಲ್ಲಿ ಕೈಗೆ ಅಭ್ಯಾಸ ಆಗಿದೆ. ಬಾಲೂ ತಮ್ಮದಲ್ಲಿ ಅ ಇಂದ ಳ ವರೆಗೆ, ಒಂದೊಂದು ಅಕ್ಷರ 8 ಇಂಚು, ಬ್ರಿಡ್ಜ್ ಸಮೇತ. ಎಸ್‌ವಿಜಿ ಒಂದು, ಪಿಡಿಎಫ್ ಒಂದು. ದುಡ್ಡು ಬೇಡ. ಬೇರೆ ಶಾಲೆಯವರು ಕೇಳಿದರೂ ಕೊಡಿ.

ಹೇಳೋದು ಮರೆತೆ, ಎಂಬತ್ತೂ ಮುಗಿದವು. ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿ, ಒಂದು ಪೆನ್‌ಡ್ರೈವಿನಲ್ಲಿ, ಒಂದು ತಮ್ಮನ ಮನೆಯಲ್ಲಿ. ಮೊದಲನೇ ಮದುವೆ ಬೋರ್ಡು ನಿನ್ನೆ ಕಟ್ ಆಯಿತು. "ಸ್ವಾ" ಒಂದೇ ತುಂಡಾಗಿ ಮ್ಯಾಟಿನಿಂದ ಎದ್ದು ಬಂತು.

ಮೇಷ್ಟ್ರು, ಸಾಗರ

ತಾಯಿ, ಏನು ಹೇಳಲಿ. ಫೈಲ್ ಸಿಕ್ಕಿತು. ಶಿವಮೊಗ್ಗದಲ್ಲಿ ಕತ್ತರಿಸಿಕೊಂಡು ಬಂದೆ. ಅಂಗಡಿಯವರು ಕೋರಲ್ಲಿನಲ್ಲಿ ತೆರೆದಾಗ, ಮೂಲೆಯಲ್ಲಿ ಈ ಚೌಕ ಯಾಕೆ ಅಂತ ಕೇಳಿದರು. ಅಳತೆ ನೋಡಿ ಅಂದೆ. 25 ಮಿಲಿಮೀಟರ್, ಸರಿಯಾಗಿ ಇತ್ತು. ಸೋಮವಾರ ಅ, ಆ, ಇ, ಈ ಗೋಡೆಗೆ ಬಂದವು. ಮೂರನೇ ಕ್ಲಾಸಿನವರು "ಠ" ನಾವೇ ಹಚ್ಚುತ್ತೇವೆ ಅಂತ ಈಗಲೇ ಸಾಲು ಹಿಡಿದಿದ್ದಾರೆ.